ಕಲ್ಲಿನ ಚಿತ್ರ ಹಾಕಿ, ಆದರೆ ಪಿನ್ ಹಾಕುವ ಮುನ್ನ ಅಳೆದು ನೋಡಿ

ಗುಂಡಿ ಐದು ಅಡಿ ಆಳವಿತ್ತು. ಅಂಚಿಗೆ ಎಸೆದ ಎರೆಮಣ್ಣು ಇನ್ನೂ ಒಣಗಿರಲಿಲ್ಲ. ಒಳಗೆ ಅರ್ಧ ಹೋಳಾದ ನಿಂಬೆಹಣ್ಣು, ಉರಿದು ಮುಗಿದ ಊದುಬತ್ತಿಯ ಕಡ್ಡಿಗಳು, ಒಂದು ನೀರಿನ ಬಾಟಲಿ. ವೀರಗಲ್ಲು ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದು ಹೋರಾಡುವ ವೀರ, ನಡುವೆ ಅವನನ್ನು ತೋಳು ಹಿಡಿದು ಕರೆದೊಯ್ಯುವ ಅಪ್ಸರೆಯರು ಹಾಗೆಯೇ ಇದ್ದರು. ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಎಡಬಲಕ್ಕೆ ಇದ್ದ ಸೂರ್ಯಚಂದ್ರರಲ್ಲಿ ಚಂದ್ರ ಮಾತ್ರ ಉಳಿದಿದ್ದ. ಸೂರ್ಯನಿದ್ದ ಮೂಲೆ ಹಾರೆಯ ಏಟಿಗೆ ಹೋಗಿತ್ತು.

ಹೊಲದ ಗೌಡರು ನನ್ನನ್ನು ಬೈಯಲಿಲ್ಲ. “ಸಾಹೇಬರೇ, ನಮ್ಮ ಅಜ್ಜನ ಕಾಲದಿಂದ ಈ ಕಲ್ಲು ಇಲ್ಲೇ ನಿಂತಿತ್ತು. ನೀವು ಬಂದು ಹೋಗಿ ಇಪ್ಪತ್ತು ದಿನ ಆಗಿಲ್ಲ. ಇದರ ವಿಷಯ ಯಾರಿಗಾದರೂ ಹೇಳಿದ್ದಿರಾ?” ಎಂದು ಕೇಳಿದರು.

ಹೇಳಿದ್ದೆ. ಹಳೆಯ ಕಲ್ಲು, ಶಾಸನಗಳ ಹವ್ಯಾಸಿಗಳು ಸಾವಿರಗಟ್ಟಲೆ ಸೇರಿರುವ ಕಡೆ ಚಿತ್ರ ಹಾಕಿ, ಕೆಳಗೆ ಮ್ಯಾಪಿನ ಪಿನ್ನನ್ನೂ ಅಂಟಿಸಿದ್ದೆ. ನಿಧಿಯಾಸೆಗೆ ಅಗೆದವರು ಅದನ್ನು ನೋಡಿಕೊಂಡೇ ಬಂದರು ಎಂದು ಸಾಬೀತು ಮಾಡುವ ದಾರಿ ನನ್ನಲ್ಲಿಲ್ಲ. ಬಂದಿರಲಾರರು ಎಂದು ಗೌಡರಿಗೆ ಹೇಳುವ ಧೈರ್ಯವೂ ಬರಲಿಲ್ಲ. ಅವತ್ತಿನಿಂದ ಲೊಕೇಶನ್ ಹಂಚುವ ವಿಷಯದಲ್ಲಿ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲ್ಲು ಹುಡುಕುವವರಿಗಷ್ಟೇ ಅಲ್ಲ, ಹಕ್ಕಿ ನೋಡುವವರಿಗೆ, ಸೈಕಲ್ ತುಳಿಯುವವರಿಗೆ, ಹಳೆಯ ನಾಣ್ಯ ಕೂಡಿಡುವವರಿಗೆ ಕೂಡ ಇದರಲ್ಲಿ ಬಹುಪಾಲು ಹೊಂದುತ್ತದೆ.

ನಾನು ಮೂವತ್ತೊಂದು ವರ್ಷ ಸರ್ವೇ ಕೆಲಸ ಮಾಡಿ ನಿವೃತ್ತನಾದವನು. ಮನೆ ಕೊಪ್ಪಳದಲ್ಲಿ. ಬದು ಅಳೆಯಲು ಹೋದಲ್ಲೆಲ್ಲ ಬೇವಿನ ಬುಡದಲ್ಲೋ ಹಾಳು ಗುಡಿಯ ಮುಂದೋ ಇಂತಹ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಮೊದಲು ಸುಮ್ಮನೆ ನೋಡುತ್ತಿದ್ದೆ, ಆಮೇಲೆ ಚಿತ್ರ ತೆಗೆದೆ, ಆಮೇಲೆ ಓದಲು ಕಲಿತೆ. ಈಗ ವಾರದಲ್ಲಿ ಎರಡು ದಿನ ಅದೇ ಕೆಲಸ.

ಲೊಕೇಶನ್ ಎಂದರೆ ಎಷ್ಟು ಜಾಗ?

“ಲೊಕೇಶನ್ ಹಂಚಬೇಕೋ ಬೇಡವೋ” ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ಎಷ್ಟು ಜಾಗ ತೋರಿಸುವ ಲೊಕೇಶನ್ ಎಂದು. ಮ್ಯಾಪಿನಲ್ಲಿ ಒಂದು ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆಗಳು ಬರುತ್ತವೆ. ಕೊಪ್ಪಳ ಪಟ್ಟಣದಲ್ಲಿ ಮೊದಲನೆಯದು 15ರಿಂದ, ಎರಡನೆಯದು 76ರಿಂದ ಶುರುವಾಗುತ್ತದೆ. ಅಷ್ಟು ಹೇಳಿದರೆ ಯಾರಿಗೂ ಏನೂ ತಿಳಿಯದು. ಗುಟ್ಟೆಲ್ಲ ಇರುವುದು ಚುಕ್ಕೆಯ ಮುಂದಿನ ಅಂಕಿಗಳಲ್ಲಿ.

ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ನಮ್ಮ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 107 ಕಿಲೋಮೀಟರ್. ಚುಕ್ಕೆಯ ಮುಂದೆ ಒಂದೊಂದು ಅಂಕಿ ಸೇರಿದಂತೆ ಈ ದೂರ ಹತ್ತರಲ್ಲಿ ಒಂದು ಪಾಲಾಗುತ್ತಾ ಹೋಗುತ್ತದೆ. ಇದನ್ನು ನಮ್ಮ ಹೊಲದ ಲೆಕ್ಕಕ್ಕೆ ತಂದರೆ ಬೇಗ ಅರ್ಥವಾಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ 33 ಅಡಿಯ ಸರಪಳಿ ಹಿಡಿದು ಅಳೆಯುತ್ತಿದ್ದೆವು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಚುಕ್ಕೆಯ ಮುಂದೆ ನಾಲ್ಕು ಅಂಕಿ ಕೊಟ್ಟರೆ ನೀವು ತೋರಿಸುವುದು ಹನ್ನೊಂದು ಮೀಟರಿನಷ್ಟು ಜಾಗ, ಅಂದರೆ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಐದು ಅಂಕಿ ಕೊಟ್ಟರೆ ಒಬ್ಬ ಮನುಷ್ಯ ಚಕ್ಕಂಬಕ್ಕಳ ಹಾಕಿ ಕೂರುವಷ್ಟು ನೆಲ. ಮೂರು ಅಂಕಿ ಎಂದರೆ ಸುಮಾರು ಮೂರು ಎಕರೆ, ಎರಡು ಅಂಕಿ ಎಂದರೆ ಮುನ್ನೂರು ಎಕರೆಯ ಹತ್ತಿರ. ಒಂದೇ ಅಂಕಿ ಎಂದರೆ ಹನ್ನೊಂದು ಕಿಲೋಮೀಟರ್ ಚೌಕ, ಅದರೊಳಗೆ ನಾಲ್ಕಾರು ಹಳ್ಳಿಗಳು ಸೇರಿಬಿಡುತ್ತವೆ.

ನೀವು ಅಂಟಿಸುವ ಪಿನ್ ಸಾಮಾನ್ಯವಾಗಿ ಐದಾರು ಅಂಕಿಗಳನ್ನು ಹೊತ್ತಿರುತ್ತದೆ. ನಾನು ಆ ವೀರಗಲ್ಲಿನ ಕೆಳಗೆ ಹಾಕಿದ್ದೂ ಅದನ್ನೇ. ರಾತ್ರಿ ಟಾರ್ಚ್ ಹಿಡಿದು ಬಂದವನಿಗೆ ಹುಡುಕುವ ಕೆಲಸವೇ ಉಳಿದಿರಲಿಲ್ಲ.

ಆದ್ದರಿಂದ ಎಲ್ಲರೂ ನೋಡುವ ಕಡೆ ನಾನು ತಾಲ್ಲೂಕಿನ ಹೆಸರಷ್ಟೇ ಬರೆಯುತ್ತೇನೆ. ಅಂಕಿ ಕೊಡಲೇಬೇಕಾಗಿ ಬಂದರೆ ಚುಕ್ಕೆಯ ಮುಂದೆ ಒಂದು ಅಂಕಿ. ಕೆಲವರು ಜಾಣತನವೆಂದು ಪಿನ್ನನ್ನು ಎರಡು ಕಿಲೋಮೀಟರ್ ಆಚೆಗೆ ಸರಿಸಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸುಳ್ಳು ಪಿನ್ ನೋಡಿ ಮುಂದೊಂದು ದಿನ ಯಾರೋ ಒಬ್ಬ ವಿದ್ಯಾರ್ಥಿ ಬಸ್ ಹಿಡಿದು ಬಂದು ಬಿಸಿಲಲ್ಲಿ ಅಲೆಯುತ್ತಾನೆ, ಇನ್ನೊಬ್ಬರು ಅದನ್ನೇ ಪುಸ್ತಕಕ್ಕೆ ಸೇರಿಸುತ್ತಾರೆ. ಕಡಿಮೆ ಅಂಕಿ ಕೊಡಿ, ತಪ್ಪು ಅಂಕಿ ಕೊಡಬೇಡಿ. ಸರ್ವೇಯರನಾಗಿ ಈ ಮಾತಿನಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ.

ಪಿನ್ನಿನ ಹಿಂದೆ ಒಬ್ಬ ರೈತ ಇದ್ದಾನೆ

ಇದನ್ನು ಯೋಚಿಸುವವರು ಬಹಳ ಕಡಿಮೆ. ನಮ್ಮ ರಾಜ್ಯದ ಕಂದಾಯ ಇಲಾಖೆಯ ದಿಶಾಂಕ್ ಎಂಬ ಆ್ಯಪ್ ಇದೆ. ನಿಂತ ಜಾಗದಲ್ಲಿ ಅದನ್ನು ತೆರೆದರೆ ಸರ್ವೇ ನಂಬರ್ ತೋರಿಸುತ್ತದೆ. ಸರ್ವೇ ನಂಬರ್ ಸಿಕ್ಕರೆ ಪಹಣಿ, ಪಹಣಿ ಸಿಕ್ಕರೆ ಹೊಲದ ಮಾಲೀಕರ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ ಎಂಬುದೆಲ್ಲ ಕಣ್ಣ ಮುಂದೆ. ರೈತರಿಗೆ ಇದು ದೊಡ್ಡ ಅನುಕೂಲ, ನಾನೂ ನೂರಾರು ಜನರಿಗೆ ಬಳಸಲು ಕಲಿಸಿದ್ದೇನೆ. ಆದರೆ ಅದೇ ಕಾರಣಕ್ಕೆ ನೀವು ಒಂದು ಹೊಲದ ಪಿನ್ ಹಾಕಿದರೆ ಆ ಮನೆಯವರ ಹೆಸರನ್ನೂ ಹಾಕಿದ ಹಾಗೆಯೇ ಆಯಿತು. “ಇವರ ಹೊಲದಲ್ಲಿ ನಿಧಿ ಕಲ್ಲು ಇದೆಯಂತೆ” ಎಂಬ ಸುದ್ದಿ ಒಮ್ಮೆ ಹಬ್ಬಿದರೆ ಆ ಮನೆಗೆ ನಿದ್ದೆ ಇಲ್ಲ. ಗೌಡರ ಮನೆಯಲ್ಲಿ ಎರಡು ತಿಂಗಳು ಗಂಡಸರು ಸರದಿಯ ಮೇಲೆ ಹೊಲದಲ್ಲಿ ಮಲಗಿದರು. ಅವರ ಹೆಂಡತಿ ನನಗೆ ಚಹಾ ಕೊಡುತ್ತಾ, “ಅಣ್ಣಾ, ಕಲ್ಲು ಹೋದರೆ ಹೋಗಲಿ, ನಮ್ಮ ಹುಡುಗರಿಗೆ ಏನಾದರೂ ಆದರೆ?” ಎಂದ ಮಾತು ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಚಿತ್ರ ತೆಗೆಯುವ ಮೊದಲೇ ಹೊಲದವರನ್ನು ಕೇಳುತ್ತೇನೆ. ಎಲ್ಲಿ ಹಾಕುತ್ತೇನೆ, ಯಾರು ನೋಡುತ್ತಾರೆ, ಊರ ಹೆಸರು ಬರೆಯಲೇ ಬೇಡವೇ ಎಂದು ಬಿಡಿಸಿ ಹೇಳುತ್ತೇನೆ. ಬೇಡ ಎಂದರೆ ಬೇಡ. ಅವರ ಮುಂದೆಯೇ ಮೊಬೈಲ್ ತೆಗೆದು ಚಿತ್ರ ತೋರಿಸುತ್ತೇನೆ. ಹೀಗೆ ಕೇಳಲು ಶುರು ಮಾಡಿದ ಮೇಲೆ ನನಗೆ ಕಲ್ಲುಗಳು ಹೆಚ್ಚು ಸಿಕ್ಕಿವೆ, ಕಡಿಮೆಯಾಗಿಲ್ಲ. “ಇನ್ನೊಂದು ಅಲ್ಲಿ ಹಳ್ಳದ ದಂಡೆಯಲ್ಲಿದೆ, ಬನ್ನಿ” ಎಂದು ಅವರೇ ಕರೆದೊಯ್ಯುತ್ತಾರೆ.

ಚಿತ್ರವೇ ಜಾಗ ಹೇಳುತ್ತದೆ

ಪಿನ್ ಹಾಕದೆ ಬರೀ ಚಿತ್ರ ಹಾಕಿದರೆ ಸಾಕಲ್ಲ ಎನ್ನಬಹುದು. ಸಾಲದು. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆಯ್ಕೆ ಚಾಲೂ ಇದ್ದರೆ ಅದು ಪ್ರತಿ ಚಿತ್ರದ ಒಳಗೂ ಅಕ್ಷಾಂಶ ರೇಖಾಂಶವನ್ನು ಬರೆದಿಡುತ್ತದೆ. ಪರೀಕ್ಷೆ ಸುಲಭ: ಗ್ಯಾಲರಿಯಲ್ಲಿ ಚಿತ್ರ ತೆರೆದು ಮೇಲಕ್ಕೆ ಎಳೆಯಿರಿ, ಅಥವಾ ವಿವರ ಎಂಬಲ್ಲಿ ಒತ್ತಿ. ಕೆಳಗೆ ಪುಟ್ಟ ಮ್ಯಾಪ್ ಕಂಡರೆ ಜಾಗ ಒಳಗಿದೆ ಎಂದರ್ಥ.

ಈ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದರೆ ಒಳಗಿನ ಮಾಹಿತಿ ಕಳಚಿಹೋಗುತ್ತದೆ. ಆದರೆ ಶಾಸನದ ಹವ್ಯಾಸಿಗಳಾದ ನಾವು ಅಕ್ಷರ ಸ್ಪಷ್ಟವಾಗಿ ಕಾಣಲಿ ಎಂದು ಡಾಕ್ಯುಮೆಂಟ್ ಆಗಿ ಕಳುಹಿಸುತ್ತೇವೆ. ಆಗ ಮೂಲ ಫೈಲ್ ಹಾಗೆಯೇ ಹೋಗುತ್ತದೆ, ಜಾಗವೂ ಅದರ ಜೊತೆಗೇ ಹೋಗುತ್ತದೆ. ಇಮೇಲ್ ಮಾಡಿದರೂ ಹೀಗೆಯೇ. ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೂ ಚಿತ್ರದ ಒಳಗಿನ ವಿವರಗಳು ಪುಟದ ಕೆಳಗೆ ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ.

ಹಾಗೆಂದು ಕ್ಯಾಮೆರಾದ ಲೊಕೇಶನ್ ಆರಿಸಿಬಿಡಿ ಎಂದು ನಾನು ಹೇಳುವುದಿಲ್ಲ. ಎಲ್ಲಿ ಸಿಕ್ಕಿತು ಎಂಬ ದಾಖಲೆ ಇಲ್ಲದ ಶಾಸನಕ್ಕೆ ಅರ್ಧ ಬೆಲೆಯೂ ಇಲ್ಲ. ಯಾವ ಕೆರೆಗೆ ದತ್ತಿ ಬಿಟ್ಟರು, ಯಾವ ಊರಿನ ದನ ಹಿಡಿದಾಗ ವೀರ ಸತ್ತ ಎಂಬುದೆಲ್ಲ ಜಾಗಕ್ಕೆ ಅಂಟಿಕೊಂಡ ಸಂಗತಿಗಳು. ನಾನು ಮಾಡುವುದಿಷ್ಟು: ಲೊಕೇಶನ್ ಚಾಲೂ ಇಟ್ಟು ಚಿತ್ರ ತೆಗೆಯುತ್ತೇನೆ, ಮೂಲವನ್ನು ಮನೆಯ ಕಂಪ್ಯೂಟರಿನಲ್ಲಿ ತಾಲ್ಲೂಕುವಾರು ಇಡುತ್ತೇನೆ. ಹಂಚುವುದಕ್ಕೆ ಬೇರೆ ಪ್ರತಿ. ಅದೇ ಚಿತ್ರವನ್ನು ಪರದೆಯ ಮೇಲೆ ತೆರೆದು ಸ್ಕ್ರೀನ್‌ಶಾಟ್ ತೆಗೆದರೆ ಹೊಸ ಪ್ರತಿಯಲ್ಲಿ ಆ ಅಂಕಿಗಳು ಬರುವುದಿಲ್ಲ. ಕಳುಹಿಸುವ ಮುನ್ನ ಮತ್ತೊಮ್ಮೆ ಮೇಲಕ್ಕೆ ಎಳೆದು ಮ್ಯಾಪ್ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತೇನೆ.

ಇನ್ನು ಹಿನ್ನೆಲೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಒಂದು ಚಿತ್ರ ಕೊಟ್ಟು ಇದು ಎಲ್ಲಿ ಎಂದು ಹುಡುಕು ನೋಡೋಣ ಎಂದೆ. ಅಂಕಿ ತೆಗೆದಿದ್ದೆ, ಊರ ಹೆಸರು ಬರೆದಿರಲಿಲ್ಲ. ಕಲ್ಲಿನ ಹಿಂದೆ ಬಲಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಕಂಬ, ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆದ ನಂಬರ್. ದೂರದಲ್ಲಿ ಶಾಲೆಯ ಗೋಡೆಯ ಮೇಲಿನ ಬರಹದ ಕೊನೆಯ ಮೂರು ಅಕ್ಷರ. ಅದರಾಚೆ ಗುಡ್ಡದ ಸಾಲಿನ ಮೇಲೆ ಮೂರು ಗಾಳಿಯಂತ್ರ. ಚಹಾ ಕುಡಿದು ಮುಗಿಸುವುದರೊಳಗೆ ಹುಡುಗ ಊರ ಹೆಸರು ಹೇಳಿದ, ಆಮೇಲೆ ಉಪಗ್ರಹ ಚಿತ್ರದಲ್ಲಿ ಮರದ ನೆರಳನ್ನೂ ತೋರಿಸಿದ. ಅಂದಿನಿಂದ ಕಲ್ಲಿನ ಹಿಂದೆ ಒಂದು ಬಿಳಿ ಪಂಚೆ ಹಿಡಿಸಿ ಚಿತ್ರ ತೆಗೆಯುತ್ತೇನೆ. ಇದರಿಂದ ಇನ್ನೊಂದು ಲಾಭವೂ ಇದೆ. ಸಂಜೆಯ ಓರೆ ಬೆಳಕಿನಲ್ಲಿ ಕಲ್ಲಿನ ಅಂಚು ಪಂಚೆಯ ಎದುರು ಚೆನ್ನಾಗಿ ಎದ್ದು ಕಾಣುತ್ತದೆ.

ಹಾಗಾದರೆ ಪೂರ್ತಿ ಜಾಗ ಯಾರಿಗೆ ಹೇಳಬೇಕು?

ಬಚ್ಚಿಟ್ಟುಕೊಳ್ಳಿ ಎಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಯಾರಿಗೂ ಗೊತ್ತಿಲ್ಲದ ಕಲ್ಲು ಕಾಲುವೆಯ ಕೆಲಸಕ್ಕೆ, ರಸ್ತೆಯ ಅಡಿಪಾಯಕ್ಕೆ ಹೋಗುತ್ತದೆ. ಮೊಣಕೈಯಿಂದ ಮೇಲಕ್ಕೆ ಎತ್ತಿದ ತೋಳು, ತೋಳು ತುಂಬ ಬಳೆ ಇದ್ದ ಒಂದು ಸುಂದರ ಮಾಸ್ತಿಗಲ್ಲು (ಸತಿ ಹೋದವಳ ನೆನಪಿನ ಕಲ್ಲು) ಬೋರ್‌ವೆಲ್ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದನ್ನು ನಾನೇ ನೋಡಿದ್ದೇನೆ. ಬಳೆಗಳೆಲ್ಲ ಸವೆದು ನುಣುಪಾಗಿದ್ದವು. ಒಗೆಯುತ್ತಿದ್ದ ತಾಯಂದಿರ ತಪ್ಪು ಅದರಲ್ಲಿ ಏನೂ ಇಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ನೋಡಿ. 1915ರಲ್ಲಿ ಅಲ್ಲಿನ ಬಂಡೆಶಾಸನವನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅವರು ಅದನ್ನು ಬಲ್ಲವರ ಗಮನಕ್ಕೆ ತಂದಿದ್ದರಿಂದ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇರುವ ಶಾಸನ ಲೋಕಕ್ಕೆ ಸಿಕ್ಕಿತು. ಅವರು ಸರಿಯಾದ ಕಿವಿಗೆ ಹೇಳಿದರು. ನಾವು ಮಾಡಬೇಕಾದದ್ದೂ ಅದನ್ನೇ.

ಐದು ಅಂಕಿಯ ಪೂರ್ತಿ ಲೊಕೇಶನ್ನನ್ನು ನಾನು ಕೊಡುವುದು ಮೂರು ಕಡೆಗೆ. ಒಂದು, ಊರಿನವರಿಗೆ. ಅವರಿಗೆ ಜಾಗ ಗೊತ್ತೇ ಇರುತ್ತದೆ, ಕಲ್ಲಿನ ಮಹತ್ವ ಗೊತ್ತಿರುವುದಿಲ್ಲ. ಗುಡಿಯ ಕಟ್ಟೆಯಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿ, ಇದರಲ್ಲಿ ನಿಧಿಯ ಗುರುತು ಇಲ್ಲ, ಊರಿಗಾಗಿ ಸತ್ತವನ ಗುರುತು ಇದೆ ಎಂದು ಹೇಳುತ್ತೇನೆ. ಲಿಪಿ ಇದ್ದರೆ ಓದಿ ಅರ್ಥ ಹೇಳುತ್ತೇನೆ. ಆ ಅರ್ಧ ಗಂಟೆಯಷ್ಟು ಕಲ್ಲನ್ನು ಕಾಯುವುದು ಬೇರಾವುದೂ ಇಲ್ಲ ಎಂಬುದು ನನ್ನ ಅನುಭವ.

ಎರಡನೆಯದು ಇಲಾಖೆ. ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ಪತ್ರ, ತಹಶೀಲ್ದಾರರಿಗೂ ಗ್ರಾಮ ಪಂಚಾಯಿತಿಗೂ ಅದರ ಪ್ರತಿ. ಪತ್ರದಲ್ಲಿ ಊರು, ಹೋಬಳಿ, ತಾಲ್ಲೂಕು, ಸರ್ವೇ ನಂಬರ್, ಅಕ್ಷಾಂಶ ರೇಖಾಂಶ, ಕಲ್ಲಿನ ಎತ್ತರ ಅಗಲ ದಪ್ಪ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಸಾಲು ಬರಹ, ನೋಡಿದ ದಿನಾಂಕ ಇಷ್ಟನ್ನು ಬರೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ ಲಗತ್ತಿಸಿ. ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಉತ್ತರ ತಡವಾಗಬಹುದು, ಬೇಸರ ಪಡಬೇಡಿ. ಮುಂದೆ ರಸ್ತೆಯ ಕೆಲಸ ಬಂದಾಗ ಆ ಸ್ವೀಕೃತಿಯ ಪ್ರತಿಯೊಂದೇ ನಿಮ್ಮ ಕೈಯಲ್ಲಿರುವ ಅಸ್ತ್ರ. ಮೂರನೆಯವರು ಮುಖತಃ ಪರಿಚಯವಿರುವ ವಿದ್ವಾಂಸರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿರುವ ಶಾಸನ ಸಂಪುಟಗಳನ್ನು ಮೊದಲು ತಿರುವಿಹಾಕಿ, ನಿಮ್ಮ ಕಲ್ಲು ಆಗಲೇ ದಾಖಲಾಗಿದ್ದರೂ ಆಗಿರಬಹುದು.

ಹೊಲ ಉಳುವಾಗ ನಾಣ್ಯ, ಒಡವೆ ಸಿಕ್ಕಿದ್ದರೆ ವಿಷಯವೇ ಬೇರೆ. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಅದಕ್ಕೆ ಮೊದಲು ಚಿತ್ರ ಹರಿಯಬಿಟ್ಟರೆ ಕಳ್ಳರು, ಕೇಸು ಎರಡನ್ನೂ ಮನೆಗೆ ಕರೆದಂತೆ.

ಎಲ್ಲರಿಗೂ ಗೊತ್ತಿರುವ ಜಾಗಗಳ ಮಾತೇ ಬೇರೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳು, ಇಟಗಿಯ ಮಹಾದೇವ ದೇವಾಲಯ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಇವುಗಳ ಲೊಕೇಶನ್ ಧಾರಾಳವಾಗಿ ಹಂಚಿ, ಜನ ಬರಲಿ. ಅಲ್ಲಿಯೂ ಕೇಡು ನಡೆಯುತ್ತದೆ ನಿಜ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಯತಿ ವ್ಯಾಸರಾಜರ ಸಮಾಧಿಯಾದ ವೃಂದಾವನವನ್ನೇ ನಿಧಿಯಾಸೆಗೆ ಒಡೆದರು. ತುಂಗಭದ್ರೆಯ ನಡುಗಡ್ಡೆಯಾದರೂ ನಿತ್ಯ ಭಕ್ತರು ಹೋಗುವ ಜಾಗ. ಹಾಗಾಗಿ ಕೂಡಲೇ ತಿಳಿಯಿತು, ಜನ ಓಡಿ ಬಂದರು, ಪೊಲೀಸರು ಕೆಲವರನ್ನು ಹಿಡಿದರು, ವೃಂದಾವನವನ್ನು ಮತ್ತೆ ಕಟ್ಟಿದರು. ಹೊಲದ ಮೂಲೆಯ ವೀರಗಲ್ಲಿಗೆ ಹಾಗೆ ಓಡಿ ಬರುವವರು ಯಾರು? ಒಂದು ಜಾಗದ ಲೊಕೇಶನ್ ಹಂಚಬಹುದೋ ಇಲ್ಲವೋ ಎಂದು ತೀರ್ಮಾನಿಸುವಾಗ ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಇದು: ಇಲ್ಲಿ ಇವತ್ತು ರಾತ್ರಿ ಏನಾದರೂ ಆದರೆ ನಾಳೆ ಬೆಳಿಗ್ಗೆ ಯಾರಿಗಾದರೂ ಗೊತ್ತಾಗುತ್ತದೆಯೇ?

ಇನ್‌ಬಾಕ್ಸಿಗೆ ಬರುವ ಪ್ರಶ್ನೆಗಳು

ಚಿತ್ರ ಹಾಕಿದ ಸಂಜೆಯೇ ಖಾಸಗಿಯಾಗಿ ಮೆಸೇಜು ಬರಲು ಶುರುವಾಗುತ್ತದೆ. “ಸರ್, ಅದ್ಭುತ. ಲೊಕೇಶನ್ ಕಳುಹಿಸಿ.” ಎಲ್ಲರೂ ಕಳ್ಳರಲ್ಲ, ಬಹಳ ಜನ ನಿಜವಾದ ಆಸಕ್ತರು. ಅವರು ಕೇಳುವ ಪ್ರಶ್ನೆಗಳಲ್ಲೇ ವ್ಯತ್ಯಾಸ ತಿಳಿಯುತ್ತದೆ. ಓದುವ ಆಸೆಯವರು ಅಕ್ಷರ ಯಾವ ಶತಮಾನದ್ದು, ಸಾಲು ಎಷ್ಟು, ರಾಜನ ಹೆಸರು ಕಾಣುತ್ತದೆಯೇ, ಪಡಿಯಚ್ಚು (ಕಾಗದ ಒತ್ತಿ ತೆಗೆಯುವ ಅಕ್ಷರದ ಅಚ್ಚು) ತೆಗೆದಿದ್ದೀರಾ ಎಂದು ಕೇಳುತ್ತಾರೆ. ಇನ್ನೊಂದು ಬಗೆಯವರಿಗೆ ಅಕ್ಷರ ಬೇಕಾಗಿಲ್ಲ. ಕಲ್ಲಿನ ಮೇಲೆ ಹಾವು ಇದೆಯೇ, ಬುಡ ಎಷ್ಟು ಆಳ ಹೋಗಿದೆ, ಹತ್ತಿರ ಮನೆಗಳಿವೆಯೇ, ಹೊಲಕ್ಕೆ ಗಾಡಿ ಹೋಗುತ್ತದೆಯೇ ಎಂದು ಕೇಳುತ್ತಾರೆ. ಒಬ್ಬರಂತೂ ಅಮಾವಾಸ್ಯೆಯ ಮುಂಚೆ ಬರಬಹುದೇ ಎಂದು ಕೇಳಿದ್ದರು.

ಎಲ್ಲರಿಗೂ ನಾನು ಕೊಡುವುದು ಒಂದೇ ಉತ್ತರ. ಬರೆದಿಟ್ಟುಕೊಂಡಿದ್ದೇನೆ, ಹಾಗೆಯೇ ಅಂಟಿಸುತ್ತೇನೆ: “ಜಾಗದ ವಿವರವನ್ನು ಇಲಾಖೆಗೆ ಕೊಟ್ಟಿದ್ದೇನೆ. ಹೊಲದವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ನೀವು ಕೊಪ್ಪಳಕ್ಕೆ ಬನ್ನಿ, ಹಗಲಿನಲ್ಲಿ ನಾನೇ ಕರೆದೊಯ್ದು ತೋರಿಸುತ್ತೇನೆ.” ಆಸಕ್ತಿ ಇದ್ದವರು ಬರುತ್ತಾರೆ. ಇಂತಹವರಲ್ಲಿ ಆರೇಳು ಜನ ಈಗ ನನಗೆ ಮನೆಯವರಂತೆ ಆಗಿದ್ದಾರೆ. ಉಳಿದವರು ಮತ್ತೆ ಮೆಸೇಜು ಮಾಡುವುದಿಲ್ಲ.

ನಿಮ್ಮ ಮನೆಯ ಜಾಗ

ಬಳ್ಳಾರಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಸೈಕಲ್ಲಿನ ಹುಚ್ಚು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ಮೋಕಾ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ತುಳಿದು ಬರುತ್ತಾಳೆ. ದಾರಿಯ ನಕ್ಷೆಯನ್ನು ಆ್ಯಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದಳು. ಒಂದು ದಿನ ಗುರುತಿಲ್ಲದ ಒಬ್ಬ ಕೆಳಗೆ ಬರೆದಿದ್ದ: “ಇವತ್ತು ಹಸಿರು ಗೇಟಿನಿಂದ ಹತ್ತು ನಿಮಿಷ ತಡವಾಗಿ ಹೊರಟಿರಿ.” ಅವಳ ಮನೆಯ ಗೇಟು ಹಸಿರು. “ಮಾವ, ನಾನು ಅಡ್ರೆಸ್ ಎಲ್ಲೂ ಬರೆದಿಲ್ಲ, ಅವನಿಗೆ ಹೇಗೆ ಗೊತ್ತಾಯಿತು?” ಎಂದು ಫೋನ್ ಮಾಡಿದಳು. ಧ್ವನಿ ನಡುಗುತ್ತಿತ್ತು.

ಬರೆಯಬೇಕಾಗಿರಲಿಲ್ಲ. ಅವಳ ಪ್ರತಿ ದಿನದ ಗೆರೆ ಮನೆಯ ಬಾಗಿಲಲ್ಲಿ ಶುರುವಾಗಿ ಅಲ್ಲಿಯೇ ಮುಗಿಯುತ್ತಿತ್ತು. ದೇಶಗಳ ಸೈನ್ಯಕ್ಕೇ ಈ ಎಡವಟ್ಟು ಆಗಿದೆ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪಿನವರು ಪ್ರಕಟಿಸಿದ್ದ ಜಗತ್ತಿನ ವ್ಯಾಯಾಮದ ನಕ್ಷೆಯಲ್ಲಿ ಸೈನಿಕರು ಓಡಾಡಿದ ಗೆರೆಗಳಿಂದ ಮರುಭೂಮಿಯ ಸೇನಾ ನೆಲೆಗಳು ಎದ್ದು ಕಾಣುತ್ತಿವೆ ಎಂಬುದು 2018ರ ಜನವರಿಯಲ್ಲಿ ಬಯಲಾಯಿತು.

ಇಂತಹ ಹಲವು ಆ್ಯಪುಗಳಲ್ಲಿ ಮನೆಯ ಸುತ್ತ ಒಂದು ವೃತ್ತದಷ್ಟು ದಾರಿಯನ್ನು ಮರೆಮಾಡುವ ಆಯ್ಕೆ ಇದೆ. ಹಾಕಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ನೀವು ದಿನಕ್ಕೊಂದು ದಿಕ್ಕಿಗೆ ಹೋದರೆ ಗೆರೆಗಳು ವೃತ್ತದ ಅಂಚಿನ ಬೇರೆ ಬೇರೆ ಬಿಂದುಗಳಲ್ಲಿ ತುಂಡಾಗುತ್ತವೆ. ಮೂರು ಬಿಂದು ಸಿಕ್ಕರೆ ಕೇಂದ್ರ ಕಂಡುಹಿಡಿಯುವುದು ಹೈಸ್ಕೂಲಿನ ರೇಖಾಗಣಿತ. ಮನೆ ನಡುಮಧ್ಯದಲ್ಲಿ ಇದ್ದರೆ ಅಲ್ಲಿಗೆ ಮುಗಿಯಿತು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಮನೆಯಿಂದ ಒಂದೂವರೆ ಕಿಲೋಮೀಟರ್ ಹೋಗಿ, ಹತ್ತಾರು ಜನ ಸೇರುವ ಮೈದಾನದ ಹತ್ತಿರ ಆ್ಯಪ್ ಚಾಲೂ ಮಾಡುವುದು, ಅಲ್ಲಿಯೇ ನಿಲ್ಲಿಸುವುದು. ನಕ್ಷೆಯನ್ನು ಗೊತ್ತಿರುವವರಿಗೆ ಮಾತ್ರ ಕಾಣುವಂತೆ ಮಾಡುವುದು. ಅವಳು ಈಗ ಹಾಗೆಯೇ ಮಾಡುತ್ತಾಳೆ, ಹೊರಡುವ ಹೊತ್ತನ್ನೂ ಬದಲಿಸಿದ್ದಾಳೆ. ಸೈಕಲ್ ಬಿಡಲಿಲ್ಲ ಎಂಬುದು ನನಗೆ ಹೆಮ್ಮೆ. ಆ ಮೆಸೇಜಿನ ಸ್ಕ್ರೀನ್‌ಶಾಟನ್ನು ದಿನಾಂಕ ಸಮೇತ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಟ್ಟೆವು. ಅಳಿಸಿಹಾಕಿದ್ದರೆ ಕೊಡಲು ಏನೂ ಇರುತ್ತಿರಲಿಲ್ಲ. ಯಾರಾದರೂ ಮನೆಯ ಹತ್ತಿರವೇ ಬಂದರೆ 112ಕ್ಕೆ ಕರೆ ಮಾಡುವುದಕ್ಕೆ ಹಿಂಜರಿಯಬೇಡಿ.

ನಾಣ್ಯ ಕೂಡಿಡುವವರು ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಬೇಕು. ವಿಜಯನಗರದ ವರಾಹ ಎಂಬ ಚಿನ್ನದ ನಾಣ್ಯದ ಚಿತ್ರ, “ನಾವೆಲ್ಲ ಮದುವೆಗೆ ಹೊರಟೆವು” ಎಂಬ ಚಿತ್ರ, ಹುಟ್ಟೂರು, ಬೀದಿಯ ಹೆಸರು, ಇವೆಲ್ಲ ಒಂದೇ ಖಾತೆಯಲ್ಲಿ ಇರಬಾರದು. ಊರಿಗೆ ಹೋದ ಚಿತ್ರಗಳನ್ನು ವಾಪಸು ಬಂದ ಮೇಲೆ ಹಾಕಿ.

ಮನೆಯವರಿಗೆ ಮಾತ್ರ ತಪ್ಪದೆ ಹೇಳಿ

ನಮ್ಮ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ, ಹಾವು ಇದೆ, ನೆಟ್‌ವರ್ಕ್ ಇಲ್ಲ. ಒಬ್ಬನೇ ಹೋದಾಗ ಕಾಲು ಉಳುಕಿದರೂ ಕಷ್ಟ. ಆದ್ದರಿಂದ ಹೊರಡುವಾಗ ಹೆಂಡತಿಗೆ ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಹಾಕಿಯೇ ಹೋಗುತ್ತೇನೆ. ಅದರಲ್ಲಿ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರು ಆಯ್ಕೆಗಳಿವೆ. ನಾನು ಎಂಟು ಗಂಟೆಯದನ್ನು ಒತ್ತುತ್ತೇನೆ, ಮನೆಗೆ ಬಂದ ಕೂಡಲೇ ನಿಲ್ಲಿಸುತ್ತೇನೆ. ಗುಡ್ಡ ಹತ್ತುವ ಮುಂಚೆ, ಸಿಗ್ನಲ್ ಇರುವಾಗಲೇ, ಯಾವ ಊರಿನ ಕಡೆಯಿಂದ ಹತ್ತುತ್ತೇನೆ, ಎಷ್ಟು ಗಂಟೆಗೆ ಇಳಿಯುತ್ತೇನೆ ಎಂದು ಒಂದು ಸಾಲು ಬರೆದು ಕಳುಹಿಸುತ್ತೇನೆ. ಕಳುಹಿಸುವ ಮುನ್ನ ಮೇಲಿನ ಹೆಸರನ್ನು ಎರಡು ಬಾರಿ ಓದಿ. ಮನೆಗೆ ಹೋಗಬೇಕಾದ ಲೈವ್ ಲೊಕೇಶನ್ ಇನ್ನೂರು ಜನರ ಗುಂಪಿಗೆ ಹೋದದ್ದನ್ನು ನಾನು ಕಂಡಿದ್ದೇನೆ.

ಆಗಲೇ ಹಾಕಿಬಿಟ್ಟಿದ್ದರೆ

ಇವತ್ತೇ ತೆಗೆಯಿರಿ. ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡಿ ಪಿನ್ ಅಳಿಸಿ, ಊರ ಹೆಸರಿನ ಜಾಗದಲ್ಲಿ ತಾಲ್ಲೂಕು ಬರೆಯಿರಿ. ಹಂಚಿಕೊಂಡವರಿಗೆ ತೆಗೆಯಲು ಕೇಳಿ. ಮ್ಯಾಪಿಗೆ ನೀವೇ ಸೇರಿಸಿದ ಜಾಗಗಳಿದ್ದರೆ ಅವನ್ನೂ ನೋಡಿ. ನನಗೆ ಹನ್ನೊಂದು ದಿನ ಹಿಡಿಯಿತು, ನೂರ ನಲವತ್ತು ಚಿತ್ರಗಳಿದ್ದವು. ಎಲ್ಲವೂ ಅಳಿಯುವುದಿಲ್ಲ, ಯಾರ ಮೊಬೈಲಿನಲ್ಲಿ ಏನು ಉಳಿದಿದೆಯೋ ಹೇಳಲಾಗದು. ಅದಕ್ಕೇ ಅಳಿಸಿದ ಮೇಲೆ ಆ ಹೊಲಗಳಿಗೆ ಮತ್ತೆ ಹೋಗಿ ಮಾಲೀಕರಿಗೆ ಹೇಳಿ ಬಂದೆ: ನಿಮ್ಮ ಹೊಲದ ಕಲ್ಲಿನ ಜಾಗವನ್ನು ನಾನು ಇಂತಹ ತಿಂಗಳಲ್ಲಿ ಹಾಕಿದ್ದೆ, ಈಗ ತೆಗೆದಿದ್ದೇನೆ, ಸ್ವಲ್ಪ ಕಣ್ಣಿಟ್ಟಿರಿ. ಹೇಳುವುದು ಸುಲಭವಾಗಿರಲಿಲ್ಲ. ಇಬ್ಬರು ಕೋಪ ಮಾಡಿಕೊಂಡರು, ಅವರ ಕೋಪ ನ್ಯಾಯವಾದದ್ದೇ.

ಗೌಡರ ಹೊಲಕ್ಕೂ ಹೋಗಿದ್ದೆ. ಇಲಾಖೆಗೆ ಪತ್ರ ಬರೆದು, ಊರ ಹಿರಿಯರು ಒಪ್ಪಿದ ಮೇಲೆ ಎರಡು ತುಂಡುಗಳನ್ನೂ ಟ್ರ್ಯಾಕ್ಟರಿನಲ್ಲಿ ತಂದು ಹನುಮಪ್ಪನ ಗುಡಿಯ ಕಟ್ಟೆಗೆ ಒರಗಿಸಿ ನಿಲ್ಲಿಸಿದೆವು. ಗೌಡರ ಮೊಮ್ಮಗ ಮೊದಲಿದ್ದ ಜಾಗದ ಅಂಕಿಗಳನ್ನು ತನ್ನ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡ. ನಾನೂ ಬರೆದುಕೊಂಡೆ, ಚುಕ್ಕೆಯ ಮುಂದೆ ಐದು ಅಂಕಿ. ಇಲಾಖೆಯ ಕಡತ, ನನ್ನ ಕಂಪ್ಯೂಟರ್ ಬಿಟ್ಟರೆ, ನನಗೆ ತಿಳಿದ ಮಟ್ಟಿಗೆ ಈಗ ಆ ಸಂಖ್ಯೆ ಇರುವುದು ನಮ್ಮಿಬ್ಬರ ನೋಟ್‌ಬುಕ್ಕುಗಳಲ್ಲಿ.